ಒಂದೇ ‘ಲಕ್ಸ’, ಎರಡು ಹುಟ್ಟು

ಮಲೇಷ್ಯಾದ ಪೆನಾಂಗ್ ದ್ವೀಪದಲ್ಲಿ ‘ಲಕ್ಸ’ ಎಂದರೆ ಮೀನಿನ ಹುಳಿಸಾರು ಹೊಯ್ದ ಅಕ್ಕಿ ಶಾವಿಗೆ. ಸಿಂಗಪುರದಲ್ಲಿ ಅದೇ ಹೆಸರಿನ ತಿನಿಸಿಗೆ ತೆಂಗಿನ ಹಾಲು ಬೇಕೇ ಬೇಕು. ಮಲಯ ನಿಘಂಟಿನಲ್ಲಿ ಈ ಪದಕ್ಕೆ ‘ಹತ್ತು ಸಾವಿರ’ ಎಂಬ ಅರ್ಥವೂ ಇದೆ. ಕನ್ನಡಿಗರಿಗೆ ಕೂಡಲೇ ‘ಲಕ್ಷ’ ನೆನಪಾಗುತ್ತದೆ. ಆ ನೆನಪು ತಪ್ಪಲ್ಲ, ಆದರೆ ಅದು ಸಲ್ಲುವುದು ಸಂಖ್ಯೆಗೆ ಮಾತ್ರ.

ಸಂಖ್ಯೆಯ ಚರಿತ್ರೆಗೆ ಕಲ್ಲಿನ ಸಾಕ್ಷಿಯಿದೆ. ಸುಮಾತ್ರದ ಪಾಲೆಂಬಾಂಗ್‌ನಲ್ಲಿ 1920ರಲ್ಲಿ ದೊರೆತ ಕೆಡುಕಾನ್ ಬುಕಿತ್ ಶಾಸನವು ಕ್ರಿ.ಶ. 680ರ ದಶಕದ್ದು, ಲಿಪಿ ಪಲ್ಲವ, ಭಾಷೆ ಹಳೆಯ ಮಲಯ. ಶ್ರೀವಿಜಯ ಎಂಬ ರಾಜ್ಯದ ದಂಡಯಾತ್ರೆಯನ್ನು ಹೇಳುವಾಗ ಅದು ಸೈನ್ಯವನ್ನು ‘ದುವ ಲಕ್ಷ’ (ದುವ ಎಂದರೆ ಎರಡು) ಎಂದೂ ಕಾಲ್ನಡಿಗೆಯಲ್ಲಿ ಹೊರಟವರನ್ನು ‘ಸರಿವು ತ್ಲು ರತುಸ್ ಸಪುಲು ದುವ’, ಅಂದರೆ 1,312 ಎಂದೂ ಎಣಿಸುತ್ತದೆ. ಈ ಎಣಿಕೆಯಲ್ಲಿ ಎರಡು, ಮೂರು, ಹತ್ತು, ನೂರು, ಸಾವಿರ ಎಲ್ಲವೂ ದ್ವೀಪಗಳ ಸ್ವಂತ ಪದಗಳು. ಸಾವಿರವನ್ನು ದಾಟಿದೊಡನೆ ಸಂಸ್ಕೃತ ಕಾಣಿಸಿಕೊಳ್ಳುತ್ತದೆ. (ಮೂರಕ್ಕೆ ಇಲ್ಲಿರುವ ‘ತ್ಲು’ ಜಾವಾದ ಭಾಷೆಯಲ್ಲಿ ‘ತೆಲು’ ಆಗಿ ಇಂದಿಗೂ ಉಳಿದಿದೆ; ಮಲಯದಲ್ಲಿ ಅದರ ಸ್ಥಾನಕ್ಕೆ ‘ತಿಗ’ ಬಂದಿದೆ.)

ವಿಚಿತ್ರವೆಂದರೆ, ಕಡಲು ದಾಟಿದ ‘ಲಕ್ಷ’ದ ಬೆಲೆ ಹತ್ತರಲ್ಲೊಂದು ಪಾಲಿಗೆ ಇಳಿಯಿತು. ಶಾಸನದ ‘ದುವ ಲಕ್ಷ’ವನ್ನು ವಿದ್ವಾಂಸರು ಸಾಮಾನ್ಯವಾಗಿ 20,000 ಎಂದೇ ಓದುತ್ತಾರೆ. ಮಲಯ, ಜಾವಾ ಮತ್ತು ಫಿಲಿಪ್ಪೀನ್ಸ್‌ನ ತಗಾಲೊಗ್ ಭಾಷೆಗಳು ಮೂರರಲ್ಲೂ ಅದರ ಬೆಲೆ 10,000. ಕೋಟಿಯಿಂದ ಬಂದ ‘ಕೆತಿ’ 1,00,000ಕ್ಕೆ ಕುಸಿದರೆ, ಸಂಸ್ಕೃತದ ಸಂಖ್ಯಾಪದಗಳಾದ ಅಯುತ ಅಥವಾ ನಿಯುತದಿಂದ ಬಂದ ‘ಜುತ’ 10,00,000ದಲ್ಲಿ ನಿಂತಿತು. ಸಾವಿರದ ನಂತರ ಹತ್ತುಪಟ್ಟು ಏರುವ ಪ್ರತಿ ಮೆಟ್ಟಿಲಿಗೂ ಒಂದು ಹೆಸರು ಬೇಕಾಗಿತ್ತು. ಬಂದ ಹೆಸರುಗಳನ್ನು ಮೂಲದ ಬೆಲೆಗೆ ಅಂಟಿಕೊಳ್ಳದೆ ಖಾಲಿ ಮೆಟ್ಟಿಲುಗಳಿಗೆ ಹಂಚಿಕೊಂಡರು ಎಂಬುದೇ ನನಗೆ ಸರಿಯೆನಿಸುವ ವಿವರಣೆ.

ಇನ್ನು ತಿನಿಸು. ನೂರೆಂಟು ಸಾಮಗ್ರಿ ಬೀಳುವುದರಿಂದ ಅದಕ್ಕೆ ‘ಲಕ್ಷ’ದ ಹೆಸರು ಬಂತೆಂಬ ಕಥೆ ಕೇಳಲು ಚೆಂದ, ಆದರೆ ಆಮೇಲೆ ಕಟ್ಟಿದಂತಿದೆ. ಒಣಸಿಗಡಿಯ ಪುಡಿ ಮರಳಿನಂತೆ ನಾಲಿಗೆಗೆ ತಗಲುವುದರಿಂದ ಚೀನೀ ಭಾಷೆಗಳಲ್ಲೊಂದಾದ ಕ್ಯಾಂಟನೀಸ್‌ನ ‘ಖಾರದ ಮರಳು’ ಎಂಬ ಮಾತೇ ಮೂಲವೆನ್ನುವವರೂ ಇದ್ದಾರೆ. ಇವೆರಡಕ್ಕಿಂತ ಗಟ್ಟಿಯಾದದ್ದು ಪರ್ಷಿಯನ್ ಭಾಷೆಯ ‘ಲಾಖ್‌ಶ’. ಅದರ ಅರ್ಥವೇ ಹಿಟ್ಟಿನ ಎಳೆ, ನಮ್ಮ ಶಾವಿಗೆಯ ಜಾತಿಯದು. ಆ ಪದ ಪಶ್ಚಿಮಕ್ಕೂ ಹರಡಿ ರಷ್ಯನ್ನರಲ್ಲಿ ‘ಲಪ್ಶಾ’, ಯಿಡ್ಡಿಷ್ ಆಡುವ ಯೆಹೂದಿಗಳಲ್ಲಿ ‘ಲೋಕ್ಶನ್’ ಆಯಿತು. ಜಾವಾದಲ್ಲಿ ಮಜಪಾಹಿತ್ ರಾಜ್ಯದ ಕಾಲದ, 1391ರ ಬಿಲುಲುಕ್ ಶಾಸನದಲ್ಲಿ ಬರುವ ‘ಹಂಗ್ಲಕ್ಸ’ ಎಂಬುದನ್ನು ಶಾವಿಗೆ ತಯಾರಿಸುವವನು ಎಂದು ಅರ್ಥೈಸಲಾಗಿದೆ. ಆ ಓದು ಸರಿಯಾದರೆ ಪದದ ಮೊದಲ ಗುರುತು ಸಾರಿಗಲ್ಲ, ಎಳೆಗೆ ಸೇರಿದ್ದು. ಹಾಗಾಗಿ ಸಾರಿನ ರುಚಿಯಿಂದ ಹೆಸರನ್ನು ಬಿಡಿಸುವ ಕಥೆಗಳಿಗೆ ನೆಲೆ ಸಿಗುವುದಿಲ್ಲ.

ಎರಡು ಮೂಲಗಳ ಪದಗಳು ಒಂದೇ ರೂಪಕ್ಕೆ ಬಂದದ್ದು ಮಲಯ ಉಚ್ಚಾರಣೆಯ ಗುಣದಿಂದ. ‘ಭಾಷಾ’ ಅಲ್ಲಿ ‘ಬಹಾಸ’ ಆದಂತೆ ಸಂಸ್ಕೃತದ ‘ಷ’ವೂ ಪರ್ಷಿಯನ್ನಿನ ‘ಶ’ವೂ ‘ಸ’ಕಾರವಾಗುತ್ತವೆ. ಅರಬ್ಬಿಯ ‘ಖಬರ್’ ಇಂಡೊನೇಷ್ಯಾದಲ್ಲಿ ‘ಕಬರ್’ ಆದಂತೆ ‘ಖ’ ‘ಕ’ವಾಗುತ್ತದೆ. ಹೀಗೆ ‘ಲಕ್ಷ’, ‘ಲಾಖ್‌ಶ’ ಎರಡೂ ‘ಲಕ್ಸ’.

ಇಂಡೊನೇಷ್ಯಾದ ಪೇಟೆಯಲ್ಲಿ ಈಗ 10,000 ರುಪಿಯಾ ನೋಟಿಗೆ ‘ಸೆಪುಲುಹ್ ರಿಬು’, ಅಂದರೆ ಹತ್ತು ಸಾವಿರ ಎನ್ನುತ್ತಾರೆಯೇ ಹೊರತು ಲಕ್ಸ ಎನ್ನುವುದಿಲ್ಲ. ಎಣಿಸಲಾಗದಷ್ಟು ಎನ್ನಲು ಕವಿಗಳು ಬಳಸುವ ‘ಸೆಲಕ್ಸ’ದಲ್ಲಿ ಮಾತ್ರ ಸಂಖ್ಯೆ ಉಳಿದಿದೆ. ತಿನಿಸಿನ ಲಕ್ಸವಾದರೋ ತನ್ನ ಮೇಲೆ ಉದುರಿಸುವ ಕೆಸುಮ್ ಎಂಬ ಘಮಘಮಿಸುವ ಎಲೆಗೂ ತನ್ನ ಹೆಸರನ್ನೇ ಕೊಟ್ಟಿದೆ: ‘ದಾವುನ್ ಲಕ್ಸ’, ಲಕ್ಸದ ಎಲೆ.