ಜಪಾನಿನ ಹೈಬ್ರಿಡ್ ಕ್ಯಾಂಪರ್ ವ್ಯಾನ್ ಕಲಬುರಗಿಗೆ ತರಿಸಬಹುದಾ?

ಪ್ರಶ್ನೆ: ನಮ್ಮ ಸೋದರಮಾವನ ಮಗ ನ್ಯೂಜಿಲೆಂಡಿನಲ್ಲಿದ್ದಾನೆ. ಜಪಾನಿನಿಂದ ಬಂದ ಹಳೆ ಟೊಯೋಟಾ ಆಲ್ಫರ್ಡ್ ಹೈಬ್ರಿಡ್ ವ್ಯಾನ್ (ಪೆಟ್ರೋಲ್ ಎಂಜಿನ್ ಜೊತೆಗೆ ಬ್ಯಾಟರಿ, ಮೋಟಾರೂ ಇರುವಂಥದ್ದು) ಇಟ್ಟುಕೊಂಡಿದ್ದಾನೆ. ಹಿಂದೆ ಹಾಸಿಗೆ, ಸಣ್ಣ ಅಡುಗೆ ಕಟ್ಟೆ. ವಾರವಿಡೀ ಅದರಲ್ಲೇ ಆಫೀಸು, ಮಕ್ಕಳ ಸ್ಕೂಲು. ಶನಿವಾರ ಬಂದರೆ ಅದರಲ್ಲೇ ಕ್ಯಾಂಪು. ಕಲಬುರಗಿಯಲ್ಲಿರುವ ನಾನೂ ಅಂಥದ್ದೊಂದು ತರಿಸಿ ದಿನಾ ಓಡಿಸಬಹುದಾ?

ಉತ್ತರ: ಅದೇ ಗಾಡಿಯನ್ನು ತರಿಸಲು ಆಗುವುದಿಲ್ಲ. ಆದರೆ ನಿಮ್ಮ ಆಸೆ ತಪ್ಪಲ್ಲ. ನಮ್ಮ ಅಜ್ಜಂದಿರು ಕೊಲ್ಲಾರಿ ಬಂಡಿ ಕಟ್ಟಿಕೊಂಡು ಜಾತ್ರೆಗೆ ಹೋಗುತ್ತಿರಲಿಲ್ಲವೇ? ಬಂಡಿಯಲ್ಲೇ ಬುತ್ತಿ, ಬಂಡಿಯಲ್ಲೇ ನಿದ್ದೆ. ಜಾತ್ರೆ ಮುಗಿದ ಮೇಲೆ ಅವೇ ಎತ್ತು, ಅದೇ ಬಂಡಿ ಹೊಲಕ್ಕೆ. ಒಂದೇ ಗಾಡಿ, ಎರಡು ಕೆಲಸ.

ನ್ಯೂಜಿಲೆಂಡಿನಲ್ಲಿ ಇಂಥ ಗಾಡಿ ಅಗ್ಗವಾಗಿ ಸಿಗುವುದು ಅದು ಹಳೆಯದು ಅನ್ನುವ ಕಾರಣಕ್ಕೆ. ಜಪಾನಿನಲ್ಲಿ ಹತ್ತು ವರ್ಷ ಓಡಿದ ಗಾಡಿಗಳು ಹರಾಜಾಗಿ ಅಲ್ಲಿಗೆ ಹೋಗುತ್ತವೆ. ನಮ್ಮಲ್ಲಿ ತಯಾರಾಗಿ ಮೂರು ವರ್ಷ ದಾಟಿದ ಸೆಕೆಂಡ್ ಹ್ಯಾಂಡ್ ಗಾಡಿಯನ್ನು ಒಳಗೆ ಬಿಡುವುದೇ ಇಲ್ಲ. ಸ್ಟೀರಿಂಗ್ ಬಲಗಡೆ ಇರಬೇಕು, ಜಪಾನಿನ ಗಾಡಿಗೆ ಆ ತೊಂದರೆ ಇಲ್ಲ ಅನ್ನಿ. ಆದರೆ ಮುಂಬೈ ಬಂದರಿಗೇ ಇಳಿಯಬೇಕು, ಪರೀಕ್ಷೆ ಪಾಸಾಗಬೇಕು.

ಮೂರು ವರ್ಷದೊಳಗಿನ ಗಾಡಿ ಸಿಕ್ಕಿತೆನ್ನಿ, ಇನ್ನು ದುಡ್ಡು. ಸುಂಕ, ಅದರ ಮೇಲೆ ಜಿಎಸ್‌ಟಿ, ಎಲ್ಲ ಕೂಡಿದರೆ ತೆರಿಗೆಯೇ ಗಾಡಿ ಬೆಲೆಯ ಎರಡು ಪಟ್ಟು ದಾಟುತ್ತದೆ. ಹಡಗಿನ ಬಾಡಿಗೆ ಸೇರಿ 10 ಲಕ್ಷ ಬಿದ್ದ ಗಾಡಿ ಬಂದರಿನಿಂದ ಹೊರಬರುವಾಗ 30 ಲಕ್ಷ ಮೀರಿರುತ್ತದೆ. ಅದಕ್ಕೆ ಕೆಎ-32 ನಂಬರು ಹಾಕಿಸಲು ಹೋದರೆ ಲೈಫ್ ಟ್ಯಾಕ್ಸ್ ಬೇರೆ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ ಅದು 18%, ಮೇಲೆ ಸೆಸ್. 30 ಲಕ್ಷಕ್ಕೆ 5 ಲಕ್ಷ 40 ಸಾವಿರ ಆಯಿತು, ಅಲ್ವಾ?

ಇಷ್ಟೆಲ್ಲ ಕೊಟ್ಟು ತಂದಿರಿ ಅನ್ನೋಣ. ರೇಡಿಯೋ ಹಚ್ಚಿದರೆ ನಮ್ಮ ಸ್ಟೇಷನ್ ಹೆಚ್ಚಿನವು ಸಿಗುವುದಿಲ್ಲ, ಜಪಾನಿನ ಎಫ್‌ಎಂ 76ರಿಂದ ಶುರುವಾಗಿ 95ಕ್ಕೆ ನಿಲ್ಲುತ್ತದೆ. ಮ್ಯಾಪು ಜಪಾನಿ ಭಾಷೆಯಲ್ಲಿ. ಒಳಗಿನ ಪ್ಲಗ್ಗು 100 ವೋಲ್ಟಿನದು, ನಮ್ಮ ಮಿಕ್ಸರ್ 230ರದು. ಇದೆಲ್ಲ ಸಣ್ಣ ಕಿರಿಕಿರಿ, ಸರಿಮಾಡಿಸಬಹುದು. ಆದರೆ ನಮ್ಮ ಪಂಪಿನ ಪೆಟ್ರೋಲಿನಲ್ಲಿ 20% ಎಥೆನಾಲ್ ಇದೆ, ಜಪಾನಿನ ಗಾಡಿ ಅದನ್ನು ಲೆಕ್ಕದಲ್ಲಿಟ್ಟು ಮಾಡಿದ್ದಲ್ಲ. ಒಂದು ಸೆನ್ಸರ್ ಕೈಕೊಟ್ಟರೆ ಪಾರ್ಟು ಬರುವ ತನಕ ಗಾಡಿ ಅಂಗಳದಲ್ಲೇ. ದಿನಾ ಓಡಿಸುವವರಿಗೆ ಇದು ಆಗುವ ಮಾತಲ್ಲ.

ನನ್ನ ಸಲಹೆ ಬೇರೆ. ಇಲ್ಲೇ ತಯಾರಾಗುವ ಹೈಬ್ರಿಡ್ ದೊಡ್ಡ ಕಾರು ತಗೊಳ್ಳಿ. ಬಿಡದಿಯಲ್ಲಿ ಮಾಡುವ ಇನ್ನೋವಾ ಹೈಕ್ರಾಸ್ ಇದೆ, ಹೈಬ್ರಿಡ್ ಮಾಡೆಲಿಗೆ ಹತ್ತಿರ ಹತ್ತಿರ 30 ಲಕ್ಷ. ಆ ದುಡ್ಡಿಗೆ ಹೊಸ ಗಾಡಿ, ವಾರಂಟಿ, ನಮ್ಮ ಕಡೆಯೇ ಸರ್ವಿಸು. ಸೂಪರ್ ಮಾರ್ಕೆಟಿನಿಂದ ಜಗತ್ ಸರ್ಕಲ್‌ವರೆಗೆ ಆಟೋಗಳ ನಡುವೆ ನಿಂತು ನಿಂತು ಹೋಗುವಾಗಲೇ ಹೈಬ್ರಿಡ್‌ಗೆ ಹಬ್ಬ. ಬ್ರೇಕ್ ಒತ್ತಿದಾಗಲೆಲ್ಲ ಬ್ಯಾಟರಿಗೆ ಸ್ವಲ್ಪ ಕರೆಂಟು ವಾಪಸ್ ಬರುತ್ತದೆ, ನಿಂತಾಗ ಎಂಜಿನ್ ಸುಮ್ಮನಾಗುತ್ತದೆ. ಹುಮನಾಬಾದ್ ರಸ್ತೆಯಲ್ಲಿ ಒಂದೇ ಸಮ ಓಡಿಸಿದರೆ ಆ ಲಾಭ ಕಡಿಮೆ.

ಹಾಸಿಗೆ, ಡಬ್ಬಿ, ಒಲೆ ಎಲ್ಲ ತೆಗೆದಿಡುವಂತಿರಲಿ. ಸೀಟು ಕಿತ್ತು ಕಟ್ಟೆ ಕೂರಿಸುವುದು, ಟಾಪ್ ಕೊಯ್ಯುವುದು ಬೇಡ. ಕಂಪನಿ ಮಾಡಿದ ರೂಪವನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ. ಇನ್ಶೂರೆನ್ಸಿನವರಿಗೂ ಕ್ಲೇಮು ತಳ್ಳಿಹಾಕಲು ಇದೊಂದು ನೆಪ ಸಾಕು. ಗ್ಯಾಸ್ ಒಲೆ ಹಚ್ಚುವುದಿದ್ದರೆ ಗಾಡಿಯಿಂದ ದೂರ, ನೆಲದ ಮೇಲೆ. ಅಷ್ಟಕ್ಕೂ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಇದ್ದರೆ ಒಲೆ ಯಾಕೆ ಬೇಕು?

ನಮ್ಮ ಕಡೆ ನಿಜವಾದ ಪರೀಕ್ಷೆ ಬಿಸಿಲಿನದು. ಮೇ ತಿಂಗಳಲ್ಲಿ 43, 44 ಡಿಗ್ರಿ ಇದ್ದಾಗ ಹೈಬ್ರಿಡ್ ಬ್ಯಾಟರಿಗೂ ಸೆಕೆ ಆಗುತ್ತದೆ. ಅದನ್ನು ತಣ್ಣಗಿಡಲು ಫ್ಯಾನ್ ಕಾರಿನೊಳಗಿನ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಅದರ ಜಾಲರಿ ಸಾಮಾನ್ಯವಾಗಿ ಸೀಟಿನ ಆಸುಪಾಸಿನಲ್ಲೇ ಇರುತ್ತದೆ. ಹೋದ ವರ್ಷ ಗಾಣಗಾಪುರಕ್ಕೆ ಹೊರಟಾಗ ನಾವು ನಮ್ಮ ಅಕ್ಕನ ಹೈಬ್ರಿಡ್ ಕಾರಿಗೆ ನಾಲ್ಕು ಕೌದಿ ತುರುಕಿದ್ದೆವು. ಅರ್ಧ ದಾರಿಯಲ್ಲಿ ಮೀಟರಿನ ಮೇಲೆ ಹಳದಿ ದೀಪ. ಬೇವಿನ ಮರದ ನೆರಳಿಗೆ ನಿಲ್ಲಿಸಿ, ಕೈಪಿಡಿ ತೆಗೆದು ಓದಿದರೆ, ಜಾಲರಿ ಮುಚ್ಚಬೇಡಿ ಅಂತ ಅಚ್ಚಾಗಿಯೇ ಇದೆ. ಅಕ್ಕನ ಕೌದಿಯೊಂದು ಅದರ ಮೇಲೆ ಒತ್ತಿಕೊಂಡು ಕೂತಿತ್ತು. ತೆಗೆದು ಜಾಲರಿ ಬೆರಳಿನಿಂದ ಸವರಿದರೆ ಕೆಂಪು ಧೂಳು, ಹತ್ತಿಯ ಎಳೆ. ಆಮೇಲಿಂದ ಸರ್ವಿಸಿಗೆ ಬಿಟ್ಟಾಗಲೆಲ್ಲ ಆ ಫಿಲ್ಟರ್ ಸ್ವಚ್ಛ ಮಾಡಿಸುತ್ತೇವೆ.

ಹಾಗಂತ ಹೈಬ್ರಿಡ್ ಗಾಡಿಯಲ್ಲಿ ಮಲಗುವ ಸುಖ ಸುಳ್ಳಲ್ಲ. ಎಸಿ ಬ್ಯಾಟರಿಯ ಕರೆಂಟಿನಲ್ಲೇ ನಡೆಯುತ್ತದೆ. ಚಾರ್ಜ್ ಇಳಿದಾಗ ಎಂಜಿನ್ ತಾನೇ ಶುರುವಾಗಿ, ಸ್ವಲ್ಪ ಹೊತ್ತು ಓಡಿ, ನಿಲ್ಲುತ್ತದೆ. ಆದರೆ ಮೀಟರಿನಲ್ಲಿ ರೆಡಿ ದೀಪ (ಗಾಡಿ ಚಾಲೂ ಇದೆ ಅನ್ನುವ ಗುರುತು) ಇರಲೇಬೇಕು. ಇಲ್ಲದಿದ್ದರೆ ಸಣ್ಣ 12 ವೋಲ್ಟ್ ಬ್ಯಾಟರಿ ಬರಿದಾಗಿ ಬೆಳಿಗ್ಗೆ ಗಾಡಿ ಏಳುವುದಿಲ್ಲ. ಇನ್ನೊಂದು ಮಾತು, ಇದನ್ನು ಹಗುರವಾಗಿ ತಗೋಬೇಡಿ. ನಿದ್ದೆಯಲ್ಲಿದ್ದಾಗ ಎಂಜಿನ್ ಶುರುವಾದರೆ ಹೊಗೆಯೂ ಬರುತ್ತದೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಜೀವ ತೆಗೆಯುತ್ತದೆ. ಮುಚ್ಚಿದ ಶೆಡ್ಡಿನಲ್ಲಿ, ಗೋಡೆಗೆ ಹಿಂಬದಿ ಒತ್ತಿ ನಿಲ್ಲಿಸಿ ಮಲಗಲೇಬೇಡಿ. ನಾನಂತೂ ಎಸಿ ಆರಿಸಿ, ಕಿಟಕಿಗೆ ಸೊಳ್ಳೆ ಪರದೆ ಕಟ್ಟುತ್ತೇನೆ. ದಸರೆಯಿಂದ ಶಿವರಾತ್ರಿವರೆಗೆ ಅಷ್ಟು ಸಾಕು. ಚಿಂಚೋಳಿ ಕಡೆ ಹೋದರೆ ಕಾಡಿನೊಳಗೆ ಗಾಡಿ ಹಾಕಬೇಡಿ, ಅದು 2011ರಿಂದ ವನ್ಯಜೀವಿ ಧಾಮ. ಅರಣ್ಯ ಇಲಾಖೆಯನ್ನು ಕೇಳಿಯೇ ಉಳಿಯಿರಿ.

ಟೆಸ್ಟ್ ಡ್ರೈವ್‌ಗೆ ಹೋಗುವಾಗ ಅಳತೆ ಟೇಪು ಒಯ್ಯಿರಿ. ಟಾಪ್ ಮಾಡೆಲಿನ ಬಿಡಿ ಬಿಡಿ ಸೀಟು ಕೂರಲು ಚೆಂದ, ಮಲಗಲು ನಡುವೆ ಕಂದಕ. ಉದ್ದ ಸೀಟಿನದು ನೋಡಿ, ಹಿಂದಿನ ಸೀಟು ಮಡಚಿಸಿ, ಚಪ್ಪಲಿ ಬಿಟ್ಟು ಒಳಗೆ ಉದ್ದಕ್ಕೆ ಮಲಗಿಬಿಡಿ. ಶೋರೂಮಿನವರು ನಗುತ್ತಾರೆ. ನನಗೂ ನಕ್ಕರು, ಕಾಲು ಡಿಕ್ಕಿ ಬಾಗಿಲಿಗೆ ತಾಗುತ್ತಿತ್ತು.