'ನಂಗೇನೂ ಬಿಪಿ ಇಲ್ಲ'

ಮದುವೆ ಊಟದ ಪಂಕ್ತಿಯಲ್ಲಿ ಈ ಮಾತು ಕೇಳಿರುತ್ತೀರಿ: 'ಇನ್ನೊಂದು ಹಪ್ಪಳ ಹಾಕಿ, ನಂಗೇನೂ ಬಿಪಿ ಇಲ್ಲ.' ಬಿಪಿ ಇಲ್ಲದವರು ಪಂಕ್ತಿಯಲ್ಲಿ ಕೂರಲು ಆಗುವುದೇ ಇಲ್ಲ ಬಿಡಿ. ಹರಿಯುವ ರಕ್ತ ನಾಳದ ಗೋಡೆಯನ್ನು ಒತ್ತುತ್ತದಲ್ಲ, ಆ ಒತ್ತಡವೇ ಬಿಪಿ. ಎಷ್ಟೋ ಸಲ ಆ ಮಾತಿನ ನಿಜವಾದ ಅರ್ಥ, 'ನಾನು ಅಳೆಸಿಕೊಂಡಿಲ್ಲ' ಅಂತ.

ಅಳೆದರೂ ತಲೆ ಕೆಡಿಸಿಕೊಳ್ಳದ ಕಾಲವೊಂದಿತ್ತು. 1944ರ ಮಾರ್ಚ್‌ನಲ್ಲಿ ಹೃದ್ರೋಗ ತಜ್ಞ ಹೋವರ್ಡ್ ಬ್ರೂನ್ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಅವರನ್ನು ಪರೀಕ್ಷಿಸಿದರು. ಬಿಪಿ 186/108 ಇತ್ತು. ಹೃದಯ ಆಗಲೇ ಸೋಲುತ್ತಿತ್ತು. ಅಧ್ಯಕ್ಷರ ಸ್ವಂತ ವೈದ್ಯರು ಮಾತ್ರ ಎಲ್ಲ ವಯಸ್ಸಿಗೆ ತಕ್ಕ ಹಾಗಿದೆ ಎನ್ನುತ್ತಿದ್ದರು. ಅವರು ಕಿವಿ-ಮೂಗು-ಗಂಟಲಿನ ತಜ್ಞರು! 1945ರ ಏಪ್ರಿಲ್ 12ರಂದು ಮೆದುಳಿನಲ್ಲಿ ರಕ್ತಸ್ರಾವವಾಗಿ ರೂಸ್‌ವೆಲ್ಟ್ ತೀರಿಕೊಂಡರು. ಆಗ ಬಿಪಿ 300/190. ಹಾಗಂತ ಆ ವೈದ್ಯರೊಬ್ಬರನ್ನೇ ದೂರಿ ಪ್ರಯೋಜನವಿಲ್ಲ. ವಯಸ್ಸಾದಂತೆ ನಾಳ ಗಟ್ಟಿಯಾಗುತ್ತದೆ, ರಕ್ತ ನೂಕಲು ಒತ್ತಡ ಏರಲೇಬೇಕು ಎಂದು ಆಗ ಬಹಳ ವೈದ್ಯರು ನಂಬಿದ್ದರು.

1948ರಲ್ಲಿ ಮ್ಯಾಸಚೂಸೆಟ್ಸ್‌ನ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ ಒಂದು ಅಧ್ಯಯನ ಶುರುವಾಯಿತು. 5209 ಜನ ಗಂಡಸರು, ಹೆಂಗಸರು. ಎರಡು ವರ್ಷಕ್ಕೊಮ್ಮೆ ಅವರನ್ನು ಕರೆದು ಪರೀಕ್ಷಿಸುವುದು, ಮುಂದೆ ಯಾರ ಹೃದಯ ಕೆಡುತ್ತದೆ ಅಂತ ಕಾಯುವುದು. ಅಷ್ಟೇ ಕೆಲಸ. 1961ರ ಹೊತ್ತಿಗೆ ಉತ್ತರ ಸಿಗತೊಡಗಿತು. ಬಿಪಿ, ಕೊಲೆಸ್ಟರಾಲ್ ಜಾಸ್ತಿ ಇದ್ದವರಿಗೇ ಹೃದಯದ ಕಾಯಿಲೆ ಜಾಸ್ತಿ. ಇಂದು ಡಾಕ್ಟರುಗಳ ಬಾಯಲ್ಲಿ ಸಲೀಸಾಗಿ ಬರುವ 'ರಿಸ್ಕ್ ಫ್ಯಾಕ್ಟರ್' (ಕಾಯಿಲೆಯ ಅಪಾಯ ಹೆಚ್ಚಿಸುವ ಅಂಶ) ಎಂಬ ಮಾತು ಚಾಲ್ತಿಗೆ ಬಂದದ್ದೂ ಅಲ್ಲಿಂದಲೇ.

ಒಳಗೆ ನಡೆಯುವುದು ನಿಧಾನದ ಕೆಲಸ. ಒತ್ತಡ ಜಾಸ್ತಿಯಾದರೆ ನಾಳದ ಒಳಪದರಕ್ಕೆ ಪೆಟ್ಟು. ಪೆಟ್ಟಾದಲ್ಲಿ ಕೊಬ್ಬು ನುಗ್ಗಿ ಕೂರುತ್ತದೆ, ಗಡ್ಡೆ ಕಟ್ಟುತ್ತದೆ. ಇದಕ್ಕೆ ಹತ್ತಾರು ವರ್ಷ. ಬೀಡಿ, ಸಿಗರೇಟು, ಸಕ್ಕರೆ ಕಾಯಿಲೆ ಸೇರಿದರೆ ಇನ್ನೂ ಬೇಗ. ಒಂದು ದಿನ ಆ ಗಡ್ಡೆ ಬಿರುಕು ಬಿಟ್ಟು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. 'ನಿನ್ನೆವರೆಗೂ ಚೆನ್ನಾಗಿದ್ದರು' ಅಂತ ಮನೆಯವರು ಅಳುವುದು ಆಗಲೇ.

ಹಪ್ಪಳದ ಮೇಲೆ ನನಗೇನೂ ಹಗೆಯಿಲ್ಲ. ಆದರೆ ಉಪ್ಪು ಜಾಸ್ತಿಯಾದರೆ ಬಿಪಿ ಏರುತ್ತದೆ. ದಿನಕ್ಕೆ 5 ಗ್ರಾಂ ಉಪ್ಪು, ಅಂದರೆ ಹೆಚ್ಚುಕಡಿಮೆ ಒಂದು ಟೀ ಚಮಚ, ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸಾರು, ಉಪ್ಪಿನಕಾಯಿ, ಸಂಡಿಗೆ, ಬಾಳಕದ ಮೆಣಸಿನಕಾಯಿ ಎಲ್ಲ ಸೇರಿದರೆ ಆ ಚಮಚ ಮಧ್ಯಾಹ್ನಕ್ಕೇ ಮುಗಿದಿರುತ್ತದೆ. ಸಾರಿಗೆ ಸ್ವಲ್ಪ ಸ್ವಲ್ಪವೇ ಉಪ್ಪು ಇಳಿಸುತ್ತಾ ಬಂದರೆ ಕೆಲವೇ ವಾರದಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ.

ಇನ್ನು ಕೆಲವರು 'ಬಿಪಿ ನಾರ್ಮಲ್ ಬಂತು' ಅಂತ ಮಾತ್ರೆ ನಿಲ್ಲಿಸಿಬಿಡುತ್ತಾರೆ. ನಾರ್ಮಲ್ ಬಂದದ್ದೇ ಮಾತ್ರೆಯಿಂದ ಅಲ್ವಾ? ನಿಲ್ಲಿಸುವುದೋ ಬೇಡವೋ ಎಂದು ಡಾಕ್ಟರನ್ನು ಕೇಳಬೇಕು, ಪಕ್ಕದ ಮನೆಯವರನ್ನಲ್ಲ.

ಅಳೆಸಿಕೊಳ್ಳಲು ಹೋದಾಗ ಬಸ್ಸಿಳಿದು, ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತಾ ಕೈ ಚಾಚಬೇಡಿ. ಅದಕ್ಕೆ ಅರ್ಧ ಗಂಟೆ ಮುಂಚೆ ಕಾಫಿಯೂ ಬೇಡ. ಬೆನ್ನು ಆನಿಸಿ, ಕೈಯನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು, ಐದು ನಿಮಿಷ ಸುಮ್ನೆ ಕೂತಿರಿ. ಪಟ್ಟಿ ಸುತ್ತಿದ ಮೇಲೆ ಮಾತೂ ಬೇಡ.