ಚೆಂಡು ಬಾರದ ಕಡೆಯ ಕಾವಲುಗಾರ

2010ರ ಋತು ಮುಗಿದಾಗ ಅಮೆರಿಕದ ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್, ಚೆಂಡನ್ನು ಕೈಯಿಂದ ಎಸೆದು ಆಡುವ ಅಲ್ಲಿನ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ಅತ್ಯುತ್ತಮ ಆಟಗಾರರ ಪಟ್ಟಿಯನ್ನು ಪ್ರಕಟಿಸಿತು. ಅದರ ಮೊದಲ ತಂಡದಲ್ಲಿ ಕಾರ್ನರ್‌ಬ್ಯಾಕ್‌ಗಳಾಗಿ, ಅಂದರೆ ಎಸೆತ ಹಿಡಿಯಲು ಓಡುವ ಎದುರಾಳಿಯನ್ನು ಕಾಯುವವರಾಗಿ, ಸ್ಥಾನ ಪಡೆದವರು ನ್ಯೂಯಾರ್ಕ್ ಜೆಟ್ಸ್ ತಂಡದ ಡರೆಲ್ ರೀವಿಸ್ ಮತ್ತು ಓಕ್ಲಂಡ್ ರೈಡರ್ಸ್ ತಂಡದ ನಾಮ್ಡಿ ಆಸಮ್ವಾ. ಎದುರಾಳಿ ಎಸೆದ ಚೆಂಡನ್ನು ಗಾಳಿಯಲ್ಲೇ ಕಸಿದುಕೊಳ್ಳುವ ಇಂಟರ್‌ಸೆಪ್ಷನ್ ಈ ಸ್ಥಾನದ ಆಟಗಾರರಿಗೆ ದೊಡ್ಡ ಹೆಸರು ತಂದುಕೊಡುವ ಸಾಧನೆ; ಆದರೆ ಆ ವರ್ಷದ ಲೀಗ್ ಹಂತದ ಪಂದ್ಯಗಳಲ್ಲಿ ಇವರಿಬ್ಬರೂ ಅಂಥ ಒಂದೇ ಒಂದು ಚೆಂಡನ್ನು ಕಸಿದಿರಲಿಲ್ಲ. ಹಾಗಿದ್ದೂ ಆ ಆಯ್ಕೆ ಸರಿಯಾಗಿಯೇ ಇತ್ತು ಎಂಬುದು ನನ್ನ ಅಭಿಪ್ರಾಯ.

ಕಾರ್ನರ್‌ಬ್ಯಾಕ್‌ನ ಕೆಲಸವನ್ನು ಹೇಳುವುದು ಸುಲಭ, ಮಾಡುವುದು ಕಷ್ಟ. ಎದುರಾಳಿ ತಂಡದ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಮುಂದಕ್ಕೆ ಎಸೆಯುತ್ತಾನೆ. ಅದನ್ನು ಹಿಡಿಯಲು ಅಂಚಿನಲ್ಲಿ ಓಡುವ ರಿಸೀವರ್‌ಗೆ ತಾನು ಎಲ್ಲಿ ತಿರುಗುತ್ತೇನೆಂಬುದು ಮೊದಲೇ ಗೊತ್ತಿರುತ್ತದೆ. ಅದು ಗೊತ್ತಿಲ್ಲದ ಕಾರ್ನರ್‌ಬ್ಯಾಕ್ ಮೊದಲ ಕೆಲವು ಹೆಜ್ಜೆಗಳನ್ನು ಹಿಮ್ಮುಖವಾಗಿ ಓಡುತ್ತಲೇ ಅವನ ಸೊಂಟದ ಚಲನೆಯನ್ನು ಓದಿ, ಅವನು ತಿರುಗಿದ ಕ್ಷಣದಲ್ಲೇ ತಾನೂ ತಿರುಗಬೇಕು. 1978ರಲ್ಲಿ ನಿಯಮ ಬಿಗಿಯಾದ ಮೇಲೆ, ಆಟ ಆರಂಭವಾಗುವ ಗೆರೆಯಿಂದ ಐದು ಗಜ ದಾಟಿದ ರಿಸೀವರ್‌ನನ್ನು ತಳ್ಳುವಂತಿಲ್ಲ, ಹಿಡಿಯುವಂತಿಲ್ಲ. ಇಷ್ಟೆಲ್ಲ ನಡೆಯುವುದು ಸಾಮಾನ್ಯವಾಗಿ ಎರಡೂವರೆ, ಮೂರು ಸೆಕೆಂಡುಗಳಲ್ಲಿ.

ಈ ಕೆಲಸವನ್ನು ಅಳೆಯಹೊರಟಾಗ ಎದುರಾಗುವ ತೊಡಕು ಸಂಖ್ಯಾಶಾಸ್ತ್ರದ್ದು. ಕಾರ್ನರ್‌ಬ್ಯಾಕ್ ಕಾಯುತ್ತಿರುವ ರಿಸೀವರ್ ಕಡೆಗೆ ಚೆಂಡು ಬಂದಾಗ ಮಾತ್ರ ಲೆಕ್ಕದ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಏನಾದರೂ ದಾಖಲಾಗುತ್ತದೆ. ಆದರೆ ಚೆಂಡನ್ನು ಯಾವ ಕಡೆಗೆ ಎಸೆಯಬೇಕೆಂದು ನಿರ್ಧರಿಸುವವನು ಎದುರಾಳಿ. ಅವನೋ, ಕಾವಲು ಸಡಿಲವಾದ ಕಡೆಯನ್ನೇ ಹುಡುಕುತ್ತಿರುತ್ತಾನೆ. ಅಂದರೆ ನಮ್ಮ ಕೈಗೆ ಸಿಗುವ ಮಾದರಿ ಯಾದೃಚ್ಛಿಕವಾಗಿ ಆರಿಸಿದ್ದಲ್ಲ. ಅಳೆಯಬೇಕಾದ ಗುಣವೇ ಆ ಮಾದರಿಯನ್ನು ರೂಪಿಸಿರುತ್ತದೆ. ಕ್ರಿಕೆಟ್‌ನಲ್ಲಿ ನೇರವಾಗಿ ವಿಕೆಟ್‌ಗೆ ಎಸೆಯಬಲ್ಲ ಫೀಲ್ಡರ್‌ನತ್ತ ಚೆಂಡು ಹೋದಾಗ ಬ್ಯಾಟರ್‌ಗಳು ಓಡದೆ ನಿಂತುಬಿಡುತ್ತಾರೆ. ಅವನು ತಡೆದ ಆ ರನ್ ಯಾವ ಸ್ಕೋರ್‌ಕಾರ್ಡಿನಲ್ಲೂ ಕಾಣಿಸುವುದಿಲ್ಲ.

ಇದರ ಪರಿಣಾಮ ಎಷ್ಟು ದೊಡ್ಡದೆಂಬುದನ್ನು ತೋರಿಸಲು ಒಂದು ಕಲ್ಪಿತ ಲೆಕ್ಕ ಸಾಕು. ಇಬ್ಬರು ಆಟಗಾರರು ಒಂದು ಋತುವಿನಲ್ಲಿ ತಲಾ 500 ಬಾರಿ ಎಸೆತದ ವಿರುದ್ಧ ಕಾವಲು ನಿಂತರೆಂದುಕೊಳ್ಳೋಣ. ಮೊದಲನೆಯವನ ಕಡೆಗೆ 40 ಎಸೆತಗಳು ಬಂದು 300 ಗಜ ಬಿಟ್ಟುಕೊಟ್ಟ, ಅಂದರೆ ಆ ಎಸೆತಗಳಿಂದ ಎದುರಾಳಿ ತಂಡ ಒಟ್ಟು ಅಷ್ಟು ದೂರ ಮುನ್ನಡೆಯಿತು. ಎರಡನೆಯವನ ಕಡೆಗೆ 100 ಬಂದು 650 ಗಜ ಬಿಟ್ಟುಕೊಟ್ಟ. ತಮ್ಮ ಕಡೆಗೆ ಬಂದ ಒಂದೊಂದು ಎಸೆತಕ್ಕೆ ಮೊದಲನೆಯವನು ಏಳೂವರೆ ಗಜ, ಎರಡನೆಯವನು ಆರೂವರೆ ಗಜ ಕೊಟ್ಟಂತಾಯಿತು. ಹೀಗೆ ನೋಡಿದರೆ ಎರಡನೆಯವನೇ ಮೇಲು. ಆದರೆ ಕಾವಲು ನಿಂತ ಒಟ್ಟು 500 ಬಾರಿಗೆ ಭಾಗಿಸಿದರೆ ಮೊದಲನೆಯವನದು 0.6 ಗಜ, ಎರಡನೆಯವನದು 1.3 ಗಜ. ಮೊದಲನೆಯವನು ಅಪರೂಪಕ್ಕೆ ಎಡವಿದಾಗ ಮಾತ್ರ ಅವನ ಕಡೆಗೆ ಚೆಂಡು ಬರುತ್ತದೆ. ಅದರಿಂದಲೇ ಆ 40 ಎಸೆತಗಳ ಸರಾಸರಿ ಕೆಟ್ಟದಾಗಿ ಕಾಣುತ್ತದೆ. ಯಾವುದನ್ನು ಛೇದವಾಗಿಟ್ಟು ಭಾಗಿಸುತ್ತೇವೆ ಎಂಬುದರ ಮೇಲೆ ತೀರ್ಪೇ ತಿರುವುಮುರುವಾಗುತ್ತದೆ.

ಇಂಟರ್‌ಸೆಪ್ಷನ್‌ಗಳ ಎಣಿಕೆಯಲ್ಲಿ ಇನ್ನೊಂದು ದೋಷವಿದೆ. ಅವು ತೀರಾ ವಿರಳ. ಋತುವಿಡೀ ಆಡಿ ನಾಲ್ಕೋ ಐದೋ ಗಳಿಸಿದರೆ ಒಳ್ಳೆಯ ಸಾಧನೆಯೆನ್ನುವಾಗ, ಬೇರೊಬ್ಬನ ಕೈಗೆ ತಗುಲಿ ಚಿಮ್ಮಿ ಬಂದ ಒಂದೆರಡು ಚೆಂಡುಗಳೇ ಒಂದು ವರ್ಷದ ಹೆಸರನ್ನು ಬದಲಿಸಬಲ್ಲವು. ಡಲ್ಲಾಸ್ ಕೌಬಾಯ್ಸ್ ತಂಡದ ಟ್ರೆವಾನ್ ಡಿಗ್ಸ್ 2021ರಲ್ಲಿ 11 ಚೆಂಡುಗಳನ್ನು ಕಸಿದ; 1981ರಿಂದೀಚೆಗೆ ಯಾರೂ ಅಷ್ಟು ಕಸಿದಿರಲಿಲ್ಲ. ಅದೇ ಋತುವಿನಲ್ಲಿ, ಪಂದ್ಯಗಳ ಚಿತ್ರೀಕರಣ ನೋಡಿ ಲೆಕ್ಕ ಹಾಕಿದ ವಿಶ್ಲೇಷಕರ ಪ್ರಕಾರ, ಅವನು 1000ಕ್ಕೂ ಹೆಚ್ಚು ಗಜಗಳನ್ನು ಬಿಟ್ಟುಕೊಟ್ಟಿದ್ದ. ಎರಡೂ ಒಂದೇ ಸ್ವಭಾವದ ಫಲ: ಚೆಂಡಿಗಾಗಿ ಮುನ್ನುಗ್ಗುವವನಿಗೆ ಕೆಲವೊಮ್ಮೆ ಚೆಂಡು ಸಿಗುತ್ತದೆ, ಕೆಲವೊಮ್ಮೆ ರಿಸೀವರ್ ಅವನ ಬೆನ್ನ ಹಿಂದೆ ಪಾರಾಗುತ್ತಾನೆ.

ಹಾಗೆಂದು ಚೆಂಡು ಬಾರದಿರುವುದನ್ನೇ ಶ್ರೇಷ್ಠತೆಯ ಪುರಾವೆಯೆಂದು ತಿಳಿಯುವುದೂ ಅವಸರವೇ. 2014ರ ಋತುವಿನ ಮೊದಲ ಪಂದ್ಯದಲ್ಲಿ ಗ್ರೀನ್ ಬೇ ತಂಡದ ಆರನ್ ರಾಜರ್ಸ್, ಸಿಯಾಟಲ್‌ನ ರಿಚರ್ಡ್ ಶೆರ್ಮನ್ ಕಡೆಗೆ ಒಂದು ಎಸೆತವನ್ನೂ ಕಳಿಸಲಿಲ್ಲ. ಅದು ನಿಸ್ಸಂಶಯವಾಗಿ ಗೌರವವೇ. ಆದರೆ ಶೆರ್ಮನ್ ಬಹುತೇಕ ಮೈದಾನದ ಒಂದೇ ಪಾರ್ಶ್ವದಲ್ಲಿ ನಿಲ್ಲುತ್ತಿದ್ದನಾದ್ದರಿಂದ, ಎದುರಾಳಿ ತನ್ನ ಉತ್ತಮ ರಿಸೀವರ್‌ನನ್ನು ಇನ್ನೊಂದು ಪಾರ್ಶ್ವಕ್ಕೆ ಕಳಿಸಿ ಅವನಿಂದ ತಪ್ಪಿಸಿಕೊಳ್ಳಬಹುದಿತ್ತು. ರೀವಿಸ್ ಹಾಗಲ್ಲ, 2009ರಲ್ಲಿ ಅವನು ಎದುರಾಳಿಯ ಅತ್ಯುತ್ತಮ ರಿಸೀವರ್ ಎಲ್ಲಿಗೆ ಹೋದರೂ ಬೆನ್ನಟ್ಟಿದ, ಹೆಚ್ಚಿನ ವೇಳೆ ಯಾರ ನೆರವೂ ಇಲ್ಲದೆ. ನನ್ನ ದೃಷ್ಟಿಯಲ್ಲಿ ಆ ಋತುವಿನ ತೂಕ ಹೆಚ್ಚುವುದು ಈ ಕಾರಣಕ್ಕೆ.

2010ರ ದಶಕದ ಮಧ್ಯದಿಂದ ಆಟಗಾರರ ಭುಜಕವಚದೊಳಗೆ ಚಿಕ್ಕ ರೇಡಿಯೊ ಬಿಲ್ಲೆಗಳಿವೆ; ಅವು ಪ್ರತಿಯೊಬ್ಬನೂ ಎಲ್ಲಿದ್ದಾನೆಂಬುದನ್ನು ಸೆಕೆಂಡಿಗೆ ಹತ್ತು ಬಾರಿ ತಿಳಿಸುತ್ತವೆ. ಚೆಂಡು ಬಾರದಿದ್ದರೂ ಕಾರ್ನರ್‌ಬ್ಯಾಕ್ ಮತ್ತು ರಿಸೀವರ್ ನಡುವಿನ ಅಂತರವನ್ನು ಕ್ಷಣಕ್ಷಣಕ್ಕೂ ಅಳೆಯಲು ಇದರಿಂದ ಸಾಧ್ಯವಾಗಿದೆ. ಲೆಕ್ಕದಿಂದ ಹೊರಗುಳಿದಿದ್ದ ಆ ನೂರಾರು ಕಾವಲುಗಳು ಈಗ ಒಳಗೆ ಬಂದಿವೆ. ಆದರೂ ಬಿಲ್ಲೆಗೆ ತಿಳಿಯದ ಸಂಗತಿಯೊಂದಿದೆ: ಕೋಚ್ ಅವನಿಗೆ ಏನು ಹೇಳಿ ಕಳಿಸಿದ್ದರು ಎಂಬುದು. ವ್ಯಕ್ತಿಯನ್ನಲ್ಲ, ಮೈದಾನದ ಒಂದು ಪ್ರದೇಶವನ್ನು ಕಾಯಲು ಹೇಳಿದ್ದರೆ, ರಿಸೀವರ್ ಏಳು ಗಜ ದೂರ ಸರಿದದ್ದು ಯಾರ ತಪ್ಪೆಂದು ಹೊರಗಿನವರು ಊಹಿಸಬೇಕಾಗುತ್ತದೆ.

ಆಸಮ್ವಾನ ಮುಂದಿನ ಕತೆ ಇದಕ್ಕೇ ಸಂಬಂಧಿಸಿದ್ದು. 2006ರಲ್ಲಿ ಎಂಟು ಚೆಂಡುಗಳನ್ನು ಕಸಿದ ಮೇಲೆ ಕ್ವಾರ್ಟರ್‌ಬ್ಯಾಕ್‌ಗಳು ಅವನ ಕಡೆಗೆ ಎಸೆಯುವುದನ್ನೇ ಕಡಿಮೆ ಮಾಡಿದ್ದರು. ಓಕ್ಲಂಡ್‌ನಲ್ಲಿ ಅವನು ಆಡಿದ ನಂತರದ ನಾಲ್ಕು ಋತುಗಳಲ್ಲಿ ಒಟ್ಟು ಸಿಕ್ಕಿದ್ದು ಮೂರೇ. ಅಲ್ಲಿ ಅವನು ಒಂದೇ ಪಾರ್ಶ್ವದಲ್ಲಿ, ರಿಸೀವರ್‌ಗೆ ಮುಖಾಮುಖಿಯಾಗಿ ನಿಂತು ಆಡುತ್ತಿದ್ದ. 2011ರಲ್ಲಿ ಫಿಲಡೆಲ್ಫಿಯಾ ಈಗಲ್ಸ್ ಐದು ವರ್ಷಕ್ಕೆ ಆರು ಕೋಟಿ ಡಾಲರ್‌ಗಳ ಒಪ್ಪಂದ ಮಾಡಿಕೊಂಡು ಅವನನ್ನು ಕರೆತಂದು, ಬೇರೆ ಬೇರೆ ಜಾಗಗಳಲ್ಲಿ ನಿಲ್ಲಿಸಿ, ಪ್ರದೇಶ ಕಾಯುವ ಕೆಲಸವನ್ನೂ ಕೊಟ್ಟಿತು. ಎರಡು ಋತುಗಳಲ್ಲಿ ಅವನು ಮತ್ತೆ ಮತ್ತೆ ಹಿಂದೆ ಬಿದ್ದ. 2013ರಲ್ಲಿ ತಂಡ ಅವನನ್ನು ಕೈಬಿಟ್ಟಿತು.